ತೂಬು ಕಟ್ಟಿದವರು ಮತ್ತು ಕಾಯುವವರು

ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಜಲಾಶಯವನ್ನು ದಾಟಿ ಪೂರ್ವಕ್ಕೆ ಹರಿದು, ನಂಜನಗೂಡು ಸೇರುವ ಮೊದಲು ಹುಲ್ಲಹಳ್ಳಿಯ ಅಣೆಕಟ್ಟೆಯ ಬಳಿ ಸ್ವಲ್ಪ ಹೊತ್ತು ತಡೆದು ನಿಲ್ಲುತ್ತದೆ. ಬೀಚನಹಳ್ಳಿಯ ಜಲಾಶಯ 1974ರದು. ಹುಲ್ಲಹಳ್ಳಿಯ ಅಣೆ ಅದಕ್ಕಿಂತ ಹಳೆಯದು. ಇಲ್ಲಿಂದ ನಾಲೆಗೆ ತಿರುಗಿದ ನೀರು ನಂಜನಗೂಡು ತಾಲ್ಲೂಕಿನ ಗದ್ದೆಗಳಿಗೆ ಹೋಗುತ್ತದೆ. ಉಳಿದದ್ದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅದೇ ತಾಲ್ಲೂಕಿನ ತಲಕಾಡಿನ ಬಳಿ ವಿಜಯನಗರ ಕಾಲದ ಮಾಧವಮಂತ್ರಿಯ ಹೆಸರು ಹೊತ್ತ ಮತ್ತೊಂದು ಅಣೆಕಟ್ಟೆ ಇದೆ.

ಅಣೆ ಕಟ್ಟಿಸಿದವರ ಹೆಸರು ಹೀಗೆ ಉಳಿಯುತ್ತದೆ. ವರ್ಷ ವರ್ಷವೂ ಅದರ ಸೋರಿಕೆಗೆ ಗಾರೆ ಮೆತ್ತಿದವರು, ನಾಲೆಯ ಹೂಳೆತ್ತಿದವರು, ತೂಬಿನ ಹಲಗೆ ಬದಲಿಸಿದವರು ಯಾರೆಂದು ಯಾವ ಕಲ್ಲೂ ಹೇಳುವುದಿಲ್ಲ. ಗದ್ದೆಗೆ ನೀರು ಬರುತ್ತಿರುವುದು ಮಾತ್ರ ಈ ಎರಡನೆಯವರ ಕೆಲಸದಿಂದ. ನಾಲೆಯ ಸೌಡಿ ಒಂದು ವಾರ ಕಾಣದಿದ್ದರೆ ಊರಿಗೆ ಗೊತ್ತಾಗುತ್ತದೆ. ಅಣೆ ಕಟ್ಟಿಸಿದವರನ್ನು ಮರೆತರೆ ಗೊತ್ತಾಗುವುದಿಲ್ಲ.

ಹುಲ್ಲಹಳ್ಳಿ ಹೋಬಳಿಯ ರೈತನ ಬಾಳು ಈಗ ಇನ್ನೊಂದು ತೂಬಿನ ಮೇಲೂ ನಿಂತಿದೆ. ಅದು ಕಣ್ಣಿಗೆ ಕಾಣುವಂಥದಲ್ಲ. ಬೆಳೆಸಾಲಕ್ಕೆ, ವಿಭಾಗಕ್ಕೆ, ಜಾಮೀನಿಗೆ, ಬೆಳೆ ಪರಿಹಾರಕ್ಕೆ ಬೇಕಾಗುವ ಪಹಣಿ ಒಂದು ಕಾಲದಲ್ಲಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 'ಭೂಮಿ' ಯೋಜನೆಯಡಿ 2001-02ರ ಹೊತ್ತಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳ, ಸುಮಾರು 67 ಲಕ್ಷ ಹಿಡುವಳಿದಾರರ, ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬಂತು. ಅನಂತರ ಈ ಸೌಲಭ್ಯ ಹೋಬಳಿಯ ನಾಡಕಚೇರಿಗೂ ಅಂಗೈಯ ಫೋನಿಗೂ ಇಳಿಯಿತು. ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು.

ಹಾಗಾದರೆ ಆ ಯಂತ್ರವನ್ನು ಕಾಯುವವರು ಯಾರು? ಅದಕ್ಕೂ ಸೋರಿಕೆ, ಹೂಳು ಎಂಬುವು ಉಂಟೇ? ಉಂಟು. ಅವನ್ನು ಮುಚ್ಚುವ ಕೆಲಸಕ್ಕೆ 'ಅಪ್‌ಡೇಟ್' ಎಂಬ ಹೆಸರಿದೆ. ಪರದೆಯ ಮೂಲೆಯಲ್ಲಿ ಆಗಾಗ ಕಾಣಿಸಿಕೊಂಡು, 'ಆಮೇಲೆ ನೋಡೋಣ' ಎಂದು ಬದಿಗೆ ತಳ್ಳಿಸಿಕೊಳ್ಳುವ ಸೂಚನೆ ಅದೇ.

ತಿರುಳಿನ ಕೆಲಸ

ಗಣಕಯಂತ್ರದಲ್ಲಿ ಪಹಣಿ ಮುದ್ರಿಸುವ ತಂತ್ರಾಂಶ ಬೇರೆ, ಪತ್ರ ಟೈಪು ಮಾಡುವುದು ಬೇರೆ, ಅಂತರ್ಜಾಲ ತೋರಿಸುವುದು ಬೇರೆ. ಇವೆಲ್ಲಕ್ಕೂ ಬೇಕಾದವು ಒಂದೇ: ಲೆಕ್ಕ ಮಾಡುವ ಸಂಸ್ಕಾರಕದ ಸಮಯ, ನೆನಪಿನ ಜಾಗ, ಕಡತಗಳನ್ನಿಡುವ ಡಿಸ್ಕು, ಹೊರಗಿನ ಜಾಲದ ಸಂಪರ್ಕ. ಇವನ್ನು ತಂತ್ರಾಂಶಗಳು ತಾವೇ ಕೈಹಾಕಿ ಎತ್ತಿಕೊಳ್ಳುವಂತಿಲ್ಲ. ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಾದ 'ಕರ್ನಲ್' ಎಂಬ ಭಾಗವನ್ನು ಕೇಳಿ ಪಡೆಯಬೇಕು. ಯಾರಿಗೆ ಎಷ್ಟು, ಯಾವ ಸರದಿಯಲ್ಲಿ, ಯಾವ ಗಡಿಯೊಳಗೆ ಎಂದು ಹಂಚುವುದು ಅದರ ಕೆಲಸ. ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬು ಇದ್ದ ಹಾಗೆ.

ಒಂದು ಗದ್ದೆಯ ಬದು ಒಡೆದರೆ ಆ ಗದ್ದೆಯ ನೀರು ಹೋಗುತ್ತದೆ. ತೂಬೇ ಒಡೆದರೆ ಅಚ್ಚುಕಟ್ಟೆಲ್ಲ ಕೆಡುತ್ತದೆ. ಹಾಗೆಯೇ ಟೈಪು ಮಾಡುವ ತಂತ್ರಾಂಶದಲ್ಲಿ ತಪ್ಪಿದ್ದರೆ ಸಾಮಾನ್ಯವಾಗಿ ಆ ಪತ್ರ ಹಾಳಾದೀತು. ಕರ್ನಲ್‌ಗೆ ಇಡೀ ಯಂತ್ರದ ಮೇಲೆ ಅಧಿಕಾರವಿರುವುದರಿಂದ, ಅದರಲ್ಲಿನ ತಪ್ಪನ್ನು ಹಿಡಿದು ಒಳಹೊಕ್ಕವನಿಗೆ ಎಲ್ಲ ಕಡತವೂ ಎಲ್ಲ ಗುಟ್ಟೂ ಕೈವಶ.

ಇಂಥ ಕರ್ನಲ್ ಚಿಕ್ಕದೇನೂ ಅಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಬಿಟ್ಟ 'ಲಿನಕ್ಸ್' ಕರ್ನಲ್‌ನ ಮೊದಲ ಪ್ರತಿ ಸುಮಾರು 10 ಸಾವಿರ ಸಾಲುಗಳದಾಗಿತ್ತು. ಇಂದು ಅದು ಮೂರು ಕೋಟಿ ಸಾಲುಗಳನ್ನು ಮೀರಿದೆ. ಆಂಡ್ರಾಯ್ಡ್ ಫೋನುಗಳೊಳಗೂ, ಜಗತ್ತಿನ ಬಹುಪಾಲು ದೊಡ್ಡ ಗಣಕ ಕೇಂದ್ರಗಳಲ್ಲೂ ಇರುವುದು ಅದೇ. ಮನುಷ್ಯರು ಬರೆದ ಕೋಟ್ಯಂತರ ಸಾಲುಗಳಲ್ಲಿ ತಪ್ಪಿಲ್ಲದಿರುವುದು ಸಾಧ್ಯವಿಲ್ಲ. ಆದ್ದರಿಂದಲೇ 2005ರ ಮಾರ್ಚಿನಿಂದ ಲಿನಕ್ಸ್‌ಗೆ ಹೊಸ ಸೌಕರ್ಯ ಸೇರಿಸುವ ಆವೃತ್ತಿಗಳ ಜೊತೆಗೆ, ತಪ್ಪುಗಳನ್ನಷ್ಟೇ ತಿದ್ದುವ 'ಸ್ಥಿರ' ಆವೃತ್ತಿಗಳೂ ಬೇರೆಯಾಗಿ ಬರುತ್ತಿವೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್‌ಗೆ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ತಿದ್ದುಪಡಿಯ ದಿನ.

ಈ ತಿದ್ದುಪಡಿಗೆ ಇಂಗ್ಲಿಷಿನಲ್ಲಿ 'ಪ್ಯಾಚ್' ಎನ್ನುತ್ತಾರೆ. ಕನ್ನಡದಲ್ಲಿ ತೇಪೆ. ಹೆಸರು ಬರಿಯ ಅಲಂಕಾರವಲ್ಲ. ಹಿಂದೆ ಗಣಕಕ್ಕೆ ಆದೇಶಗಳನ್ನು ತೂತು ಹೊಡೆದ ಕಾಗದದ ಪಟ್ಟಿಗಳ ಮೂಲಕ ಕೊಡುತ್ತಿದ್ದರು. ತಪ್ಪು ಜಾಗದಲ್ಲಿ ತೂತು ಬಿದ್ದಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ನಿಜವಾದ ತೇಪೆಯೇ ಅದು. ತಪ್ಪಿಗೆ 'ಬಗ್' ಅಂದರೆ ಹುಳು ಎಂಬ ಹೆಸರು ಅದಕ್ಕಿಂತ ಹಳೆಯದು. ಅಮೆರಿಕದ ಹಾರ್ವರ್ಡ್‌ನ ಒಂದು ಗಣಕದಲ್ಲಿ 1947ರ ಸೆಪ್ಟೆಂಬರ್ 9ರಂದು ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ಹುಳು ಸಿಕ್ಕ ಮೊದಲ ನಿಜವಾದ ಪ್ರಸಂಗವೆಂದು ಅಲ್ಲಿನವರು ತಮಾಷೆಯಾಗಿ ಬರೆದಿಟ್ಟರು.

ಎಕರೆ ಬಿಟ್ಟು ಗುಂಟೆ ತಿದ್ದಿದಾಗ

ಒಂದು ತಪ್ಪು ಎಂಥದಿರುತ್ತದೆ, ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 2017ರ 'ವನ್ನಾಕ್ರೈ' ಪ್ರಸಂಗವನ್ನೇ ನೋಡಬಹುದು.

ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಬರೆಯುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ. ಒಬ್ಬನ ಹೆಸರಿನಲ್ಲಿ 1 ಎಕರೆ 0 ಗುಂಟೆ ಇದೆ. ಅಳತೆ ಮಾಡಿದಾಗ ಇರುವುದು 35 ಗುಂಟೆ ಎಂದು ಗೊತ್ತಾಗುತ್ತದೆ ಎಂದುಕೊಳ್ಳಿ. ಗುಮಾಸ್ತ ಗುಂಟೆಯ ಜಾಗದಲ್ಲಿ 35 ಎಂದು ಬರೆದು, ಎಕರೆಯ ಜಾಗದ 1ನ್ನು ಹಾಗೇ ಬಿಟ್ಟರೆ? ಕಡಿಮೆಯಾಗಬೇಕಾಗಿದ್ದ ಜಮೀನು 1 ಎಕರೆ 35 ಗುಂಟೆಗೆ ಏರುತ್ತದೆ. ಆ ಲೆಕ್ಕವನ್ನು ನಂಬಿ ಉಳಲು ಹೋದವನ ನೇಗಿಲು ಪಕ್ಕದವನ ಹೊಲಕ್ಕೆ ನುಗ್ಗುತ್ತದೆ.

ವಿಂಡೋಸ್‌ನಲ್ಲಿ ಕಡತಗಳನ್ನು ಯಂತ್ರದಿಂದ ಯಂತ್ರಕ್ಕೆ ಹಂಚಿಕೊಳ್ಳಲು ಕರ್ನಲ್‌ನೊಳಗೇ ಕೆಲಸ ಮಾಡುವ ಒಂದು ಭಾಗವಿದೆ. ಅದರಲ್ಲಿದ್ದದ್ದು ಇಂಥದೇ ತಪ್ಪು. ಒಂದು ಪಟ್ಟಿಯ ಉದ್ದವನ್ನು ತಿದ್ದುವಾಗ ಅಂಕಿಯ ಕೆಳಗಿನ ಅರ್ಧವನ್ನಷ್ಟೇ ತಿದ್ದಿ ಮೇಲಿನ ಅರ್ಧವನ್ನು ಹಾಗೇ ಬಿಡುತ್ತಿತ್ತು. ಚಿಕ್ಕ ಜಾಗ ಕಾದಿಟ್ಟು ದೊಡ್ಡ ಪಟ್ಟಿಯನ್ನು ಸುರಿದಾಗ, ಹೆಚ್ಚಾದದ್ದು ಪಕ್ಕದ ನೆನಪಿನ ಜಾಗಕ್ಕೆ ಚೆಲ್ಲುತ್ತಿತ್ತು. ಏನು ಚೆಲ್ಲಬೇಕೆಂದು ಲೆಕ್ಕ ಹಾಕಿ ಕಳುಹಿಸಿದವನಿಗೆ, ಬಳಕೆದಾರ ಯಾವ ಗುಂಡಿಯನ್ನೂ ಒತ್ತದೆ, ಯಂತ್ರದ ಪೂರ್ಣ ಅಧಿಕಾರ ಸಿಗುತ್ತಿತ್ತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಸಿದ್ಧವಾದ, ಈ ತಪ್ಪನ್ನು ಬಳಸುವ ಸಾಧನ 2017ರ ಏಪ್ರಿಲ್ 14ರಂದು ಬಹಿರಂಗವಾಯಿತು.

ಮೈಕ್ರೋಸಾಫ್ಟ್ ಅದಕ್ಕೆ ಒಂದು ತಿಂಗಳು ಮುಂಚೆಯೇ, ಮಾರ್ಚ್ 14ರಂದು, ತೇಪೆ ಹೊರತಂದಿತ್ತು. ವನ್ನಾಕ್ರೈ ಹರಡಿದ್ದು ಮೇ 12ರಂದು. ಮದ್ದು ಬಂದು ಸುಮಾರು ಎರಡು ತಿಂಗಳಾದ ಮೇಲೆ ರೋಗ ಬಂತು. ಆದರೂ 150ರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಬಿತ್ತು. ಬೀಗ ತೆಗೆಯಲು 300 ಡಾಲರ್ ಕೊಡಿ ಎಂಬ ಬರಹ ಪರದೆಯ ಮೇಲೆ ಮೂಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದಕ್ಕೆ ಹೋದವು. ಸೋಂಕು ತಗುಲಿದವುಗಳಲ್ಲಿ ಬಹುಪಾಲು, ತೇಪೆ ಲಭ್ಯವಿದ್ದ ವಿಂಡೋಸ್ 7 ಯಂತ್ರಗಳು.

ಇದು ಲಂಡನ್ನಿನ ಮಾತು, ಹುಲ್ಲಹಳ್ಳಿಗೇನು ಎನ್ನುವಂತಿಲ್ಲ. ಮೇ 15ರ ಸೋಮವಾರ ಕಚೇರಿಗಳು ಬಾಗಿಲು ತೆರೆದಾಗ, ಕೇರಳದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಗಣಕಗಳ ಮೇಲೂ ಅದೇ ಬರಹವಿತ್ತು. ಹುಲ್ಲಹಳ್ಳಿಯ ನಾಲೆಗೆ ನೀರು ಬರುವುದು ಆ ಸೀಮೆಯ ಮಳೆಯಿಂದ. ಅಲ್ಲಿ ಸುರಿದ ಮಳೆ ಇಲ್ಲಿಗೆ ಬರಲು ಕೆಲವು ದಿನ ಬೇಕು. ಇಂಥ ಹುಳುವಿಗೆ ಅಷ್ಟು ಹೊತ್ತು ಬೇಡ. ಒಂದೂವರೆ ತಿಂಗಳ ಮೇಲೆ, ಜೂನ್ 27ರಂದು, 'ನಾಟ್‌ಪೆಟ್ಯಾ' ಎಂಬ ಇನ್ನೊಂದು ಹುಳು ಅದೇ ತೂತನ್ನೂ ಬಳಸಿಕೊಂಡಿತು. ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನಲ್ಲಿ ಸರಕು ಸಾಗಣೆ ನಿಂತಿತು. ಜಗತ್ತೆಲ್ಲ ಸುದ್ದಿಯಾದ ಮೇಲೂ ತೇಪೆ ಹಾಕದ ಯಂತ್ರಗಳು ಉಳಿದಿದ್ದವು.

ನಾಲೆಯ ಕೊನೆಯವನು

ಲಿನಕ್ಸ್‌ಗೂ ಇಂಥ ಕಥೆಗಳಿವೆ. 2016ರ ಅಕ್ಟೋಬರಿನಲ್ಲಿ ಬಯಲಾದ 'ಡರ್ಟಿ ಕೌ' ಎಂಬ ತಪ್ಪು 2007ರಿಂದಲೂ ಕರ್ನಲ್‌ನಲ್ಲಿ ಇತ್ತು. ಕಚೇರಿಯಲ್ಲಿ ಮೂಲ ದಾಖಲೆಯನ್ನು ನೋಡಲು ಕೊಡುತ್ತಾರೆ. ಗೀಚಬೇಕೆಂದರೆ ನಕಲು ಪ್ರತಿ ಕೊಡುತ್ತಾರೆ. ಕರ್ನಲ್ ಕೂಡ ಹಾಗೆಯೇ ಮಾಡುತ್ತದೆ. ಆದರೆ ನಕಲು ತೆಗೆಯುವ ಕೆಲಸ ಮತ್ತು ಅದನ್ನು ಎಸೆಯುವ ಕೆಲಸ ಒಂದೇ ಗಳಿಗೆಯಲ್ಲಿ ಎದುರುಬದುರಾದರೆ, ಬರಹ ಮೂಲದ ಮೇಲೆಯೇ ಬೀಳುತ್ತಿತ್ತು. ಹನ್ನೊಂದು ವರ್ಷ ಹಿಂದೆ ಇದನ್ನು ತಾವೇ ಸರಿಪಡಿಸಲು ಹೋಗಿ ಸರಿಯಾಗಿರಲಿಲ್ಲವೆಂದು ಟೊರ್ವಾಲ್ಡ್ಸ್ ತೇಪೆಯ ಜೊತೆಗಿನ ಟಿಪ್ಪಣಿಯಲ್ಲಿ ಒಪ್ಪಿಕೊಂಡರು.

ಮೂಲ ಕರ್ನಲ್‌ಗೆ ತೇಪೆ ಬಿದ್ದದ್ದು ಅಕ್ಟೋಬರಿನಲ್ಲಿ. ಆಂಡ್ರಾಯ್ಡ್‌ನ ಮಾಸಿಕ ತಿದ್ದುಪಡಿಯಲ್ಲಿ ಅದು ಕಡ್ಡಾಯವಾಗಿ ಸೇರಿದ್ದು ಡಿಸೆಂಬರಿನಲ್ಲಿ. ಅಲ್ಲಿಂದ ಫೋನು ತಯಾರಿಸುವ ಕಂಪನಿ ಅದನ್ನು ತನ್ನ ಮಾದರಿಗಳಿಗೆ ಹೊಂದಿಸಿ ಕಳುಹಿಸಬೇಕು. ಕೊನೆಗೆ ಫೋನಿನ ಮಾಲೀಕ ಅದನ್ನು ಹಾಕಿಕೊಳ್ಳಬೇಕು. ನಾಲೆಯ ಮೊದಲ ತೂಬಿನವನಿಗೆ ಬೇಗ ನೀರು, ಕೊನೆಯ ತೂಬಿನವನಿಗೆ ಬಂದಾಗ ಬಂತು. ಅಗ್ಗದ ಫೋನು, ಹಳೆಯ ಫೋನು ಕೊಂಡವನು ಈ ನಾಲೆಯ ಕೊನೆಯವನು. ಹಲವು ವೇಳೆ ಅವನ ತನಕ ನೀರು ಬರುವುದೇ ಇಲ್ಲ.

ತಡವಾದಷ್ಟೂ ಅಪಾಯ ಹೆಚ್ಚಲು ಇನ್ನೊಂದು ಕಾರಣವಿದೆ. ತೇಪೆ ಹೊರಬಿದ್ದ ದಿನವೇ ತೂತು ಎಲ್ಲಿತ್ತೆಂಬುದು ಊರಿಗೆಲ್ಲ ತಿಳಿದಂತೆ. ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬದಲಾದ ಸಾಲುಗಳು ಯಾವುವೆಂದು ಜಾಣರಿಗೆ ಗೊತ್ತಾಗುತ್ತದೆ. ಕಳ್ಳನಿಗೂ ಗೊತ್ತಾಗುತ್ತದೆ. ಆದ್ದರಿಂದ ತೇಪೆ ಬರುವ ಮುಂಚೆ ಕೆಲವರಿಗಷ್ಟೇ ತಿಳಿದಿದ್ದ ತೂತು, ತೇಪೆ ಬಂದ ಮೇಲೆ ಹಾಕದಿದ್ದವರ ಪಾಲಿಗೆ ಬಾಗಿಲಾಗುತ್ತದೆ.

ಮುಂದೂಡುವವರ ಭಯ

ಹೀಗಿದ್ದರೂ ಕಚೇರಿಗಳು ಮುಂದೂಡುವುದೇಕೆ? ಸೋಮಾರಿತನವೊಂದೇ ಕಾರಣವಲ್ಲ. ಕರ್ನಲ್‌ಗೆ ತೇಪೆ ಹಾಕಿದ ಮೇಲೆ ಸಾಮಾನ್ಯವಾಗಿ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಕಿಟಕಿಯ ಮುಂದೆ ಜನ ಸಾಲುಗಟ್ಟಿರುವಾಗ ಅದು ಕಷ್ಟ. ಜೊತೆಗೆ, ಸರಿಯಾಗಿ ನಡೆಯುತ್ತಿದ್ದದ್ದು ತೇಪೆಯಿಂದಲೇ ಕೆಟ್ಟರೆ ಎಂಬ ಭಯವೂ ಉಂಟು.

ಆ ಭಯ ಸುಳ್ಳಲ್ಲವೆಂದು 2024ರ ಜುಲೈ 19 ತೋರಿಸಿತು. ವಿಂಡೋಸ್ ಯಂತ್ರಗಳನ್ನು ಕಾಯಲೆಂದು ಕರ್ನಲ್‌ನೊಳಗೆ ಕೂತು ಕೆಲಸ ಮಾಡುವ 'ಕ್ರೌಡ್‌ಸ್ಟ್ರೈಕ್' ಸಂಸ್ಥೆಯ ತಂತ್ರಾಂಶಕ್ಕೆ, ಭಾರತದ ಕಾಲಮಾನ ಬೆಳಗ್ಗೆ 9.39ಕ್ಕೆ ಒಂದು ಹೊಸ ಕಡತ ಬಂತು. ತಂತ್ರಾಂಶದ ಬಳಿ ಇದ್ದದ್ದು 20 ಅಂಕಣಗಳ ಮಾಹಿತಿ. ಕಡತ 21ನೇ ಅಂಕಣವನ್ನು ಓದು ಎಂದಿತು. ಇಲ್ಲದ ಅಂಕಣವನ್ನು ಓದಲು ಹೋದದ್ದು ಕರ್ನಲ್‌ನ ಒಳಗಾದ್ದರಿಂದ ಯಂತ್ರಗಳೇ ನಿಂತುಹೋದವು. 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸುತ್ತಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಳಲ್ಲಿ ಕಾದರು. ನಿಂತ ಯಂತ್ರಗಳಲ್ಲಿ ಬಹಳಷ್ಟನ್ನು ಒಬ್ಬರು ಕೈಯಾರೆ ಸರಿಪಡಿಸಬೇಕಾಯಿತು.

ಎರಡು ಪ್ರಸಂಗಗಳನ್ನೂ ಒಟ್ಟಿಗೆ ನೋಡಿದರೆ ದಾರಿ ಕಾಣುತ್ತದೆ. ತೇಪೆ ಹಾಕದೆ ಕೂರುವುದೂ ಕೇಡು, ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಹಾಕುವುದೂ ಕೇಡು. ಒಂದೆರಡು ಯಂತ್ರಗಳಿಗೆ ಮೊದಲು ಹಾಕಿ, ಒಂದು ದಿನ ನೋಡಿ, ಉಳಿದವಕ್ಕೆ ಹಾಕುವುದು ಅನುಭವಸ್ಥರ ಕ್ರಮ. ನಾಲೆಗೆ ಮೊದಲ ನೀರು ಬಿಡುವಾಗಲೂ ಬಾಗಿಲನ್ನು ಒಮ್ಮೆಗೇ ಪೂರ್ತಿ ಎತ್ತುವುದಿಲ್ಲ.

ನೀರು ನಿಲ್ಲಿಸದ ದುರಸ್ತಿ

ನಾಲೆಗೆ ಬೇಸಿಗೆಯಲ್ಲಿ ಬಿಡುವು ಸಿಗುತ್ತದೆ. ಬ್ಯಾಂಕು, ಆಸ್ಪತ್ರೆಗಳ ಗಣಕಕ್ಕೆ ಬೇಸಿಗೆಯೇ ಇಲ್ಲ. ನಿಲ್ಲಿಸದೆ ದುರಸ್ತಿ ಮಾಡಲಾದೀತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಓಡುತ್ತಿರುವ ಕರ್ನಲ್‌ನೊಳಗೆ ಬೇಕಾದ ಜಾಗದಲ್ಲಿ ಅಳತೆಗೋಲು ನೆಟ್ಟು ನೋಡುವ 'ಕೆಪ್ರೋಬ್ಸ್' ಎಂಬ ಸೌಕರ್ಯ 2004ರಲ್ಲಿ ಲಿನಕ್ಸ್ ಸೇರಿತು. ಅದರ ಮೊದಲ ರೂಪವನ್ನು 2002ರಲ್ಲಿ ಬರೆದವರು ಐಬಿಎಂನ ಭಾರತ ಶಾಖೆಯ ವಂಶಿ ಕೃಷ್ಣ. ಅದನ್ನು ಮುಂದುವರಿಸಿದ ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಅವರೂ ಅದೇ ಶಾಖೆಯವರು. ಈ ಹೆಸರುಗಳು ಆ ಕಡತದ ತಲೆಬರಹದಲ್ಲಿಯೇ ಇವೆ. ಅಣೆಯ ಕಲ್ಲಿನಲ್ಲಿ ದುರಸ್ತಿಗಾರರ ಹೆಸರು ಸಿಗದು, ಇಲ್ಲಿ ಸಿಗುತ್ತದೆ.

ಕೆಪ್ರೋಬ್ಸ್ ಮಾಡುವ ಕೆಲಸ ಸರಳ. ಆ ಜಾಗದ ಒಂದು ಆದೇಶವನ್ನು ಎತ್ತಿಟ್ಟು, ಅಲ್ಲಿ 'ಒಂದು ಕ್ಷಣ ನಿಲ್ಲು' ಎಂಬ ಗುರುತು ಇಡುತ್ತದೆ. ಕರ್ನಲ್ ಅಲ್ಲಿಗೆ ಬಂದಾಗ ಸ್ಥಿತಿಗತಿ ನೋಡಿಕೊಂಡು, ಎತ್ತಿಟ್ಟ ಆದೇಶವನ್ನು ನಡೆಸಿ ಮುಂದಕ್ಕೆ ಬಿಡುತ್ತದೆ. ಇದು ರೋಗ ಹುಡುಕಲು. ತೇಪೆಯನ್ನೇ ಓಡುತ್ತಿರುವಾಗ ಹಾಕುವ ವ್ಯವಸ್ಥೆ 2015ರ ಏಪ್ರಿಲಿನಲ್ಲಿ ಬಂದ ಲಿನಕ್ಸ್ 4.0ರೊಡನೆ ಸೇರಿತು. ಕೆಟ್ಟ ಭಾಗಕ್ಕೆ ಹೋಗುವ ದಾರಿಯನ್ನು ಹೊಸ ಭಾಗದ ಕಡೆ ತಿರುಗಿಸುವುದು ಅದರ ಉಪಾಯ. ಕುಸಿದ ನಾಲೆಯ ಪಕ್ಕದಲ್ಲಿ ಬದಲಿ ಕಾಲುವೆ ತೋಡಿದಂತೆ. ಚಿಕ್ಕ ತಪ್ಪುಗಳಿಗೆ ಇದು ಸಾಕು. ಬದಲಿ ಕಾಲುವೆಯಲ್ಲೇ ಕಾಲ ಕಳೆಯುವಂತಿಲ್ಲ. ಒಂದು ದಿನ ಯಂತ್ರ ನಿಲ್ಲಿಸಲೇಬೇಕು.

ಬಿತ್ತುವಟ್ಟದ ನೆನಪು

ಯಂತ್ರಕ್ಕೆ ವಯಸ್ಸಾದಾಗ ತೇಪೆ ಬರುವುದೇ ನಿಲ್ಲುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಸಾಮಾನ್ಯ ತೇಪೆಗಳ ಕೊನೆಯ ದಿನಗಳು. ಆ ದಿನ ಯಂತ್ರವೇನೂ ಕೆಡಲಿಲ್ಲ. ಮರುದಿನವೂ ಮೊದಲಿನಂತೆಯೇ ಮುದ್ರಿಸಿತು. ಅದೇ ಮೋಸ. ಕಾಯುವವನು ಹೋದನೆಂದು ತೂಬು ಆ ದಿನವೇ ಸೋರುವುದಿಲ್ಲ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೀರು ಹಂಚಲು, ತೂಬು ನೋಡಿಕೊಳ್ಳಲು ನೀರುಗಂಟಿ ಎಂಬ ಗ್ರಾಮಸೇವಕನಿದ್ದ. ಅದಕ್ಕೂ ಹಿಂದಿನ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟೆಗಳನ್ನು ಕಟ್ಟಿ ಕಾಪಾಡಲೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಬೆಳೆಯ ಪಾಲು ಇವು. ಕಟ್ಟಿಸಿದ ದಿನವೇ ದುರಸ್ತಿಯ ಖರ್ಚು ಎಲ್ಲಿಂದ ಬರಬೇಕೆಂದು ಆ ಕಾಲದವರು ಕಲ್ಲಿನಲ್ಲಿ ಬರೆಸಿಡುತ್ತಿದ್ದರು. ಕೆರೆಯನ್ನು ಒಮ್ಮೆ ಕಟ್ಟಿದರೆ ಮುಗಿಯಿತು ಎಂಬ ಭ್ರಮೆ ಅವರಿಗಿರಲಿಲ್ಲ.

ಗಣಕಯಂತ್ರ ಕೊಳ್ಳುವಾಗ ನಾವು ಯಂತ್ರದ ಬೆಲೆ ಕೇಳುತ್ತೇವೆ. ಎಷ್ಟು ವರ್ಷ ತೇಪೆ ಬರುತ್ತದೆ, ಅದನ್ನು ಹಾಕುವವರು ಯಾರು, ವಾರದ ಯಾವ ಹೊತ್ತಿನಲ್ಲಿ ಯಂತ್ರ ನಿಲ್ಲಿಸಬಹುದು, ದಾಖಲೆಗಳ ಇನ್ನೊಂದು ಪ್ರತಿ ಜಾಲಕ್ಕೆ ತಗುಲದ ಬೇರೆ ಜಾಗದಲ್ಲಿ ಇದೆಯೇ ಎಂದು ಕೇಳುವುದು ಅಪರೂಪ. ಪಂಚಾಯಿತಿಯಾಗಲಿ, ಸಹಕಾರ ಸಂಘವಾಗಲಿ, ಶಾಲೆಯಾಗಲಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ಅಪಾಯ ಅಲ್ಲೇ ಕಳೆದೀತು. ಫೋನು ಕೊಳ್ಳುವವರಿಗೂ ಮೊದಲ ಪ್ರಶ್ನೆ ಅನ್ವಯಿಸುತ್ತದೆ.

ಬೇಸಿಗೆಯಲ್ಲಿ ನಾಲೆ ನಿಲ್ಲಿಸಿ ಹೂಳೆತ್ತುವಾಗ ಹುಲ್ಲಹಳ್ಳಿಯ ರೈತ, ನೀರು ಏಕೆ ನಿಂತಿತೆಂದು ಜಗಳಕ್ಕೆ ಹೋಗುವುದಿಲ್ಲ. ಮುಂಗಾರಿನ ನೀರು ತನ್ನ ಗದ್ದೆಯ ತನಕ ಬರಬೇಕಾದರೆ ಈಗ ಇದು ಆಗಲೇಬೇಕೆಂದು ಅವನಿಗೆ ಗೊತ್ತು. ನಾಡಕಚೇರಿಯ ಕಿಟಕಿಯಲ್ಲಿ 'ಅಪ್‌ಡೇಟ್ ಆಗುತ್ತಿದೆ, ಅರ್ಧ ಗಂಟೆ ಬಿಟ್ಟು ಬನ್ನಿ' ಎಂಬ ಮಾತು ಕೇಳಿದ ದಿನ, ಬೇಸರದ ಜೊತೆಗೆ ಈ ತಿಳಿವಳಿಕೆಯೂ ಇದ್ದರೆ ಒಳ್ಳೆಯದು. ಯಾರೋ ತೂಬಿನ ಹಲಗೆ ಬದಲಿಸುತ್ತಿದ್ದಾರೆ. ಅವರು ಕಾಯುತ್ತಿರುವುದು ಅವನ ಪಹಣಿಯನ್ನೇ.